ಹಲಗೆಯ ಮೇಲಿನ ನಾಲ್ಕನೆಯ ಪ್ರಶ್ನೆ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹುಕ್ಕೇರಿ ತಾಲೂಕಿನ ಒಂದು ಸಣ್ಣ ಊರಿನ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಮನೆ ಗೋಕಾಕದಲ್ಲಿ. ಬೆಳಿಗ್ಗೆ ಏಳರ ಬಸ್ಸು ಹಿಡಿದು ಬೆಲ್ಲದ ಬಾಗೇವಾಡಿಯಲ್ಲಿ ಇಳಿಯುತ್ತಿದ್ದೆ. ಅಲ್ಲಿಂದ ಟೆಂಪೋ ಸಿಕ್ಕರೆ ಟೆಂಪೋ, ಇಲ್ಲದಿದ್ದರೆ ಕಬ್ಬಿನ ಹೊಲಗಳ ನಡುವೆ ಮುಕ್ಕಾಲು ಗಂಟೆಯ ನಡಿಗೆ. ಶಾಲೆಯಲ್ಲಿ ನಾಲ್ಕು ತರಗತಿ, ಮೂರು ಕೋಣೆ, ಇಬ್ಬರು ಶಿಕ್ಷಕರು. ನಾನೊಬ್ಬಳು, ಹೆಡ್ ಮಾಸ್ತರರು ಒಬ್ಬರು.

ಹೆಡ್ ಮಾಸ್ತರರು ನಿವೃತ್ತಿಗೆ ಹತ್ತಿರವಾದವರು. ಜೈನರ ಮನೆತನ, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಅಚ್ಚುಕಟ್ಟಾದ ಕನ್ನಡ, ಸಿಟ್ಟು ಬಂದಾಗ ಎರಡೂ. ಮಕ್ಕಳು ಕೈಕಟ್ಟಿ ಕೂತು ಪಾಠ ಒಪ್ಪಿಸಬೇಕು ಎಂಬುದು ಅವರ ಪದ್ಧತಿ. ನಾನೂ ಮೊದಲ ಎರಡು ವರ್ಷ ಹಾಗೆಯೇ ಕಲಿಸಿದೆ. ಬೇರೆ ರೀತಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಆ ವರ್ಷ ಬೇಸಿಗೆ ರಜೆಯಲ್ಲಿ ಗೋಕಾಕದಲ್ಲಿ ಹತ್ತು ದಿನ ತರಬೇತಿ ಇಟ್ಟಿದ್ದರು. ಮೇ ತಿಂಗಳ ಬಿಸಿಲು, ತಗಡಿನ ಸೂರು, ಎಲ್ಲರೂ ಕೊಟ್ಟ ಹಾಳೆಗಳಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದೆವು. ಕಲಿಸಲು ಬಂದವರು ತೆಳ್ಳಗಿನ, ನಡುವಯಸ್ಸಿನ ಗೃಹಸ್ಥರು. ಮಕ್ಕಳ ಮುಂದೆ ಪಾಠ ಇಡಬೇಡಿ, ಅವರ ಬದುಕಿನದೇ ಒಂದು ಸಮಸ್ಯೆ ಇಡಿ ಎಂದರು. ಅದನ್ನು ಬಿಡಿಸುತ್ತ ಹೋದಂತೆ ಓದು, ಬರಹ, ಲೆಕ್ಕ ತಾವಾಗಿ ಬರುತ್ತವೆ ಎಂದರು. ಶಿಕ್ಷಕರ ಕೆಲಸ ದಾರಿ ತೋರುವ ಪ್ರಶ್ನೆ ಕೇಳುವುದಷ್ಟೇ. ಅಂಥ ನಾಲ್ಕು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ನಮ್ಮಿಂದ ಬರೆಸಿಕೊಂಡರು. ನಮಗೆ ಈಗಾಗಲೇ ಏನು ಗೊತ್ತಿದೆ? ಇನ್ನೂ ಏನು ಗೊತ್ತಾಗಬೇಕು? ಅದಕ್ಕೆ ಏನು ನೋಡಬೇಕು, ಯಾರನ್ನು ಕೇಳಬೇಕು? ಗೊತ್ತಾದದ್ದು ಖರೆ ಎಂದು ಹೇಗೆ ಹೇಳುತ್ತೀರಿ?

“ಉತ್ತರ ನಿಮ್ಮ ಬಾಯಿತನಕ ಬಂದ್ರ ನಾಲಿಗಿ ಕಚ್ಚಿಕೊಳ್ರಿ,” ಎಂದರು. “ನೀವು ಉತ್ತರ ಹೇಳಿದ್ರಿ ಅಂದ್ರ ಹುಡುಗ್ರು ವಿಚಾರ ಮಾಡೂದು ಅಲ್ಲೇ ನಿಲ್ಲತೈತಿ.”

ನನಗೆ ಈ ಮಾತು ಬಹಳ ಹಿಡಿಸಿತು. ನಾನು ಕಲಿಯುವಾಗ ಯಾರೂ ನನ್ನನ್ನು ಏನನ್ನಿಸುತ್ತದೆ ಎಂದು ಕೇಳಿರಲಿಲ್ಲ. ಅವರು ಉದಾಹರಣೆಗೆ ಕೊಟ್ಟದ್ದು ಶಾಲೆಯ ಅಂಗಳದ ಒಣಗುವ ಸಸಿ. ಬಹಳ ಮಂದಿ ಸಸಿಯನ್ನೇ ಹಿಡಿದುಕೊಂಡು ತಂತಮ್ಮ ಊರಿಗೆ ಹೋದರು. ನಾನು ಬೇರೆಯದನ್ನು ಆರಿಸಿದೆ. ಜಾಣತನ ತೋರಿಸಬೇಕು ಎಂಬ ಆಸೆಯೂ ಅದರಲ್ಲಿ ಸ್ವಲ್ಪ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮಳೆ ಹಿಡಿದ ಮೇಲೆ ನನ್ನ ತರಗತಿ ಅರ್ಧ ಖಾಲಿಯಾಗುತ್ತಿತ್ತು. ಇಂದು ಒಬ್ಬನಿಗೆ ಹೊಟ್ಟೆ ಕಡಿತ, ನಾಳೆ ಒಬ್ಬಳಿಗೆ ವಾಂತಿ, ಮರುದಿನ ಅವಳ ತಂಗಿಗೆ. ಒಂದು ಸೋಮವಾರ ಹಾಜರಿ ಪುಸ್ತಕವನ್ನು ಮಕ್ಕಳ ಮುಂದೆಯೇ ಬಿಚ್ಚಿಟ್ಟು, “ಮಳಿ ಬಂದಾಗ ಇಷ್ಟ ಮಂದಿಗೆ ಯಾಕ ಜಡ್ಡ ಬರತೈತಿ?” ಎಂದು ಕೇಳಿದೆ. ನಾಲ್ಕು ಪ್ರಶ್ನೆಗಳನ್ನು ಹಲಗೆಯ ಮೇಲಿನ ಅಂಚಿಗೆ ದೊಡ್ಡಕ್ಷರದಲ್ಲಿ ಬರೆದು, ಯಾರೂ ಅಳಿಸಬಾರದು ಎಂದು ಹೇಳಿದೆ.

ಮಕ್ಕಳಿಗೆ ಗೊತ್ತಿದ್ದದ್ದು ಕಡಿಮೆಯಿರಲಿಲ್ಲ. ಮಳೆಯಲ್ಲಿ ತೊಯ್ದರೆ ಬರುತ್ತದೆ ಎಂದರು. ಹಸಿ ಶೇಂಗಾ ತಿಂದರೆ, ದೃಷ್ಟಿ ತಾಗಿದರೆ, ನೊಣ ಕೂತದ್ದನ್ನು ಉಂಡರೆ ಎಂದರು. “ಕೆಲವ್ರು ಸುಳ್ಳ ಹೇಳಿ ಮನ್ಯಾಗ ಉಳಿತಾರ್ರಿ ಅಕ್ಕೋರ,” ಎಂದು ಒಬ್ಬಳು ಹೇಳಿದಾಗ ಇಬ್ಬರು ತಲೆ ತಗ್ಗಿಸಿದರು. ಎಲ್ಲವನ್ನೂ ಬರೆದೆ, ಯಾವುದನ್ನೂ ತಪ್ಪು ಎನ್ನಲಿಲ್ಲ.

ನೀರಿನ ಮಾತು ಬಂದದ್ದು ಹೆಡ್ ಮಾಸ್ತರರಿಂದ. ಅವರು ಮನೆಯಿಂದ ತಂದ ಹಿತ್ತಾಳೆ ತಂಬಿಗೆಯ ಬಾಯಿಗೆ ಮಡಿಸಿದ ಬಿಳಿ ಅರಿವೆ ಕಟ್ಟಿ, ನೀರನ್ನು ಸೋಸಿಯೇ ಕುಡಿಯುತ್ತಿದ್ದರು. ಮಕ್ಕಳು ದಿನವೂ ನೋಡುತ್ತಿದ್ದರು, ಆದರೆ ಅವರನ್ನು ಕೇಳುವ ಧೈರ್ಯ ಯಾರಿಗಿತ್ತು? ‘ಯಾರನ್ನು ಕೇಳಬೇಕು’ ಎಂದು ಹಲಗೆಯ ಮೇಲೆ ಬರೆದದ್ದೇ ಮಕ್ಕಳಿಗೆ ಪರವಾನಗಿಯಾಯಿತೋ ಏನೋ, ಮಧ್ಯಾಹ್ನ ಇಬ್ಬರು ಹೋಗಿ ಕೇಳಿಯೇಬಿಟ್ಟರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೆಡ್ ಮಾಸ್ತರರು ಬೈಯಲಿಲ್ಲ.

“ನೀರಾಗ ಕಣ್ಣಿಗಿ ಕಾಣದ ಜೀವ ಇರ್ತಾವ. ನಮ್ಮಿಂದ ಅವು ಸಾಯಬಾರ್ದು ಅಂತ ಸೋಸ್ತೇವಿ,” ಎಂದರು.

ಮಕ್ಕಳು ಓಡುತ್ತ ಬಂದರು. “ಅಕ್ಕೋರ, ನಾವು ಸೋಸದ ಕುಡದ್ರ ಆ ಜೀವ ನಮ್ಮ ಹೊಟ್ಟ್ಯಾಗ ಏನ ಮಾಡ್ತಾವ್ರಿ?” ನಾನು ನಾಲಿಗೆ ಕಚ್ಚಿಕೊಂಡೆ. ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ನನಗಾದ ಸಂತೋಷವನ್ನು ಈಗ ನೆನೆದರೆ ಸಂಕಟವಾಗುತ್ತದೆ.

ಊರಿನಲ್ಲಿ ನೀರಿಗೆ ಎರಡೇ ಕಡೆ. ಶಾಲೆಯ ಬಾಜೂ ಒಂದು ಕೈಪಂಪು. ಜನ ಅದಕ್ಕೆ ಬೋರಿಂಗ್ ಎನ್ನುತ್ತಿದ್ದರು. ಇನ್ನೊಂದು, ಊರ ಕೆಳಗೆ ಹಳ್ಳದ ದಂಡೆಯ ಹಳೆಯ ಬಾವಿ. ಮಕ್ಕಳು ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಊರನ್ನು ಬರೆದರು. ಓಣಿ ಓಣಿಯಾಗಿ, ಮನೆ ಮನೆಯಾಗಿ. ಆ ಮಳೆಗಾಲದಲ್ಲಿ ಜಡ್ಡು ಬಿದ್ದ ಒಬ್ಬೊಬ್ಬರಿಗೂ ಒಂದೊಂದು ಹುಣಸೆ ಬೀಜ, ಅವರವರ ಮನೆಯ ಮೇಲೆ. ಮೂರು ದಿನ ಮನೆ ಮನೆಗೆ ಹೋಗಿ ಕೇಳಿಕೊಂಡು ಬಂದು ಇಟ್ಟರು. ಬೋರಿಂಗಿನ ಸುತ್ತಲ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಬೀಜ. ಬಾವಿಯ ನೀರು ತರುವ ಹಳ್ಳದ ಓಣಿಯಲ್ಲಿ ಮನೆಯ ಗೆರೆಯೇ ಕಾಣದ ಹಾಗೆ ಬೀಜ.

ಹಳ್ಳದ ಓಣಿಯವಳೇ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ಕುರಿ ಸಾಕುವವರ ಮನೆ. ಬೇಸಿಗೆಯಲ್ಲಿ ತಂದೆ ಹಿಂಡಿನೊಂದಿಗೆ ದೂರ ಹೋಗುತ್ತಿದ್ದ. ಹಿಂದಿನ ವರ್ಷಗಳಲ್ಲಿ ಮನೆಯವರೆಲ್ಲ ಹೋಗುತ್ತಿದ್ದುದರಿಂದ ಅವಳ ಶಾಲೆ ಆಗಾಗ ತಪ್ಪುತ್ತಿತ್ತು. ಓದು ಸ್ವಲ್ಪ ಹಿಂದೆ, ಲೆಕ್ಕದಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. ಎರಡೆರಡಾಗಿ ಎಣಿಸುವಳು, ಕುರಿಗಳು ದೊಡ್ಡಿ ದಾಟುವಾಗ ಎಣಿಸುವಂತೆ. ತಾನಾಗಿ ಮಾತಾಡುವವಳಲ್ಲ. ಹೋದ ಮಳೆಗಾಲದಲ್ಲಿ ಅವಳ ಮೂರು ವರ್ಷದ ತಮ್ಮ ವಾಂತಿಭೇದಿಯಿಂದ ತೀರಿಕೊಂಡಿದ್ದ. ನನಗೆ ಅದು ಗೊತ್ತಿತ್ತು. ಆಗ ಅವರ ಮನೆಗೆ ಮಾತನಾಡಿಸಲು ಹೋಗಿಯೂ ಬಂದಿದ್ದೆ. ಗೊತ್ತಿದ್ದೂ, ಈ ಸಮಸ್ಯೆಯನ್ನು ಆರಿಸುವಾಗ ಅವಳ ನೆನಪು ನನಗೆ ಆಗಲಿಲ್ಲ.

ನಾಲ್ಕನೆಯ ದಿನ ಅವಳು ಬೀಜ ಹಿಡಿದು ತನ್ನ ಮನೆಯ ಗೆರೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಇನ್ನೊಂದು ಗುಂಪಿನ ಜೊತೆ ಹಾಜರಿ ಎಣಿಸುತ್ತಿದ್ದೆ.

“ಹೋದ ವರ್ಷದ್ದೂ ಇಡಬೇಕೇನ್ರಿ ಅಕ್ಕೋರ?” ಎಂದು ಕೇಳಿದಳು.

ನಾನು ತಲೆ ಎತ್ತದೆ, “ಇಡವ್ವ, ಇಡು,” ಎಂದೆ.

ಅವಳು ಇಟ್ಟಳು. ಕೋಣೆಯಲ್ಲಿ ಸದ್ದು ನಿಂತದ್ದು ತಿಳಿದು ನಾನು ತಿರುಗಿ ನೋಡಿದೆ. ಬೀಜ ಏಕೆ ಇಟ್ಟಳು ಎಂಬುದು ಹಳ್ಳದ ಓಣಿಯ ಮಕ್ಕಳಿಗೆಲ್ಲ ಗೊತ್ತಿತ್ತು. ಅವಳು ಎದ್ದು ನಿಂತು, ನನ್ನನ್ನಲ್ಲ, ನೆಲದ ಮೇಲಿನ ಬಾವಿಯ ವೃತ್ತವನ್ನು ನೋಡುತ್ತ ಹೇಳಿದಳು.

“ಆ ನೀರ ನಾನ ತಂದಿದ್ನಿರಿ. ಯವ್ವ ಬೋರಿಂಗ್‌ಗೆ ಹೋಗು ಅಂದಿದ್ಲು. ಅಲ್ಲಿ ಪಾಳಿ ಬಾಳ ಇತ್ತು. ನಾ ಹಳ್ಳದ ಬಾವಿಗೆ ಹೋದ್ನಿ.”

ನಾನು ಓಡಿ ಹೋಗಿ ಅವಳ ಹೆಗಲು ಹಿಡಿದೆ. “ಇಲ್ಲವ್ವ, ಇಲ್ಲ. ನಿನ್ನಿಂದ ಏನೂ ಆಗಿಲ್ಲ. ನಿಂದೇನೂ ತಪ್ಪಿಲ್ಲ,” ಎಂದೆ.

ಅವಳು ಅಳಲಿಲ್ಲ. ಹಲಗೆಯ ಕಡೆ ಕಣ್ಣೆತ್ತಿ, ಓದಲು ಕಷ್ಟಪಡುತ್ತಿದ್ದವಳು ನಾಲ್ಕನೆಯ ಸಾಲನ್ನು ನಿಧಾನವಾಗಿ ಓದಿಕೊಂಡಳು. ಆಮೇಲೆ ನನ್ನನ್ನು ಕೇಳಿದಳು.

“ಅದು ಖರೆ ಅಂತ ನಿಮಗ ಹೆಂಗ ಗೊತ್ರಿ, ಅಕ್ಕೋರ?”

ತರಬೇತಿಯಲ್ಲಿ ಕಲಿತದ್ದು ಏನೂ ಉಪಯೋಗಕ್ಕೆ ಬರಲಿಲ್ಲ. ಅಂದು ಹೊತ್ತಿಗೆ ಮುಂಚೆಯೇ ಮಕ್ಕಳನ್ನು ಬಿಟ್ಟೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ನೆಲ ಒರೆಸಿಬಿಡಬೇಕೆಂದು ಬಟ್ಟೆ ಒದ್ದೆ ಮಾಡಿಕೊಂಡು ಬಂದೆ. ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಯಾರೋ ಮಕ್ಕಳು ಹೇಳಿದ್ದರು.

“ಪ್ರಶ್ನಿ ಕೇಳಾಕ ಕಲಿಸಿದ್ರಿ, ಚಲೋ ಆತು. ಪ್ರಶ್ನಿ ಯಾರ ಮನಿ ಬಾಗಲಕ್ಕ ಹೋಗಿ ನಿಲ್ಲತೈತಿ ಅಂತ ಮೊದಲ ನೋಡಿದ್ರೇನು, ಟೀಚರ?”

“ತಪ್ಪಾತ್ರಿ ಸರ್. ಒರಸಿಬಿಡ್ತೇನಿ,” ಎಂದೆ.

“ಈಗ ಒರಸಿದ್ರ ಆ ಹುಡಿಗಿ ಏನ ತಿಳ್ಕೊಂತಾಳ? ತಾನ ಮಾಡಿದ್ದ ಖರೆ, ಅದಕ್ಕ ಅಕ್ಕೋರು ಮುಚ್ಚಿದ್ರು ಅಂತ ತಿಳ್ಕೊಂತಾಳ. ಮೊದಲ ಮನಿಗೆ ಹೋಗಿ ಬರ್ರಿ.”

ಸಂಜೆ ಹೋದೆ. ಸಣ್ಣ ಮನೆ, ಕಟ್ಟೆಯ ಮೇಲೆ ಅಜ್ಜಿ ಉಣ್ಣೆ ನೂಲುತ್ತಿದ್ದಳು. ತಾಯಿ ನನ್ನನ್ನು ನೋಡಿ ಬರ್ರಿ ಎನ್ನಲಿಲ್ಲ. ಚಾಪೆ ಮಾತ್ರ ಹಾಸಿದಳು. ಹುಡುಗಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಶಾಲೆಯಿಂದ ಬಂದ ಸಂಜೆಯೇ ತಾಯಿಗೆ ಎಲ್ಲವನ್ನೂ ಹೇಳಿದ್ದಳಂತೆ. ಅಂದಿನಿಂದ ನೀರಿನ ಕೊಡವನ್ನು ಮುಟ್ಟುತ್ತಿರಲಿಲ್ಲ. ತಾನು ಕುಡಿಯಲೂ ಬೇರೆಯವರು ತುಂಬಿಕೊಡಬೇಕು.

“ಒಂದ ವರ್ಷ ಆಗಿತ್ರಿ,” ಎಂದಳು ತಾಯಿ. “ಹೆಂಗೋ ಮರತಂಗ ಮಾಡಿ ಇದ್ವಿ. ಸತ್ತ ಕೂಸಿನ್ನ ನೀವು ಮತ್ತ ಎಬ್ಬಿಸಿದ್ರಿ. ಸಾಲಿಯಾಗ ಇದನ್ನ ಕಲಸ್ತಾರೇನ್ರಿ?”

“ತಪ್ಪ ನಂದೈತ್ರಿ. ಕ್ಷಮಿಸ್ರಿ,” ಎಂದೆ. ನನ್ನ ಕಣ್ಣಲ್ಲಿ ನೀರು ಬಂತು, ಅದೂ ತಪ್ಪೆನಿಸಿತು. ಅಳುವ ಅಧಿಕಾರ ನನಗಿರಲಿಲ್ಲ.

ತಾಯಿ ಎದ್ದು ಒಳಗೆ ಹೋಗಿ ಮಗಳ ಎದುರು ಕೂತಳು. ನನಗೆ ಕೇಳುವಂತೆಯೇ ಹೇಳಿದಳು.

“ಇಲ್ಲಿ ನೋಡ ನನ್ನ ಮಗಳ. ಆ ವಾರ ನೀರಿಗಿ ನಾ ಹೋಗೇನಿ. ದಿನಾ ಹಳ್ಳದ ಬಾವಿಂದನ ತಂದೇನಿ. ನೀ ತಂದದ್ದು ಒಂದ ಕೊಡ, ಅದೂ ಅದರ ಹಿಂದಿನ ವಾರ. ನಿನಗ ನೆನಪ ತಪ್ಪೇತಿ. ಅಂವ ಕುಡದದ್ದು ನಾ ತಂದ ನೀರು. ತಿಳೀತಿಲ್ಲೋ?”

ಅಜ್ಜಿಯ ಕೈಯಲ್ಲಿ ನೂಲು ನಿಂತಿತು. ಹುಡುಗಿ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಕಡೆಗೆ, “ಹೂಂ,” ಎಂದಳು. ಎದ್ದು ಹೋಗಿ ಕೊಡದಿಂದ ಒಂದು ತಂಬಿಗೆ ನೀರು ತುಂಬಿ ತಂದು ನನ್ನ ಮುಂದಿಟ್ಟಳು. ನಾನು ಕುಡಿದೆ. ಮಗು ನಂಬಿತು, ಭಾರ ಇಳಿಯಿತು ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಹಿಂದಿರುಗುವಾಗ ಮಳೆಯಲ್ಲಿ ತೊಯ್ದದ್ದೂ ಗೊತ್ತಾಗಲಿಲ್ಲ.

ಮರುವಾರ ಅವಳು ಶಾಲೆಗೆ ಬಂದಳು. ಆ ಸಮಸ್ಯೆಯನ್ನು ಅಲ್ಲಿಗೇ ಕೈಬಿಡಬೇಕು ಎಂದು ನಾನು ನಿರ್ಧರಿಸಿದ್ದೆ. ಆದರೆ ನೆಲದ ಮೇಲೆ ಮಾಸಿದ್ದ ಗೆರೆಗಳನ್ನು ತಿದ್ದುತ್ತ ಕೂತವಳು ಅವಳೇ. “ಬಾವ್ಯಾಗ ಹೊಲಸ ಎಲ್ಲಿಂದ ಬರತೈತಿ ಅಂತ ಇನ್ನೂ ನೋಡಿಲ್ಲರಿ,” ಎಂದಳು. ನಾನು ಹೆಡ್ ಮಾಸ್ತರರ ಮುಖ ನೋಡಿದೆ. ಅವರು ಕೊಡೆ ತೆಗೆದುಕೊಂಡು, “ನಡೀರಿ,” ಎಂದರು.

ಜಿಟಿಜಿಟಿ ಮಳೆಯಲ್ಲಿ, ಗೋಣಿಚೀಲದ ಕೊಪ್ಪೆ ಹೊದ್ದ ಮಕ್ಕಳೊಂದಿಗೆ ಬಾವಿಗೆ ಹೋದೆವು. ಉತ್ತರ ಕಣ್ಣೆದುರಿಗೇ ಇತ್ತು. ಬಾವಿಯ ಮೇಲ್ಬದಿಯ ಇಳಿಜಾರಿನಲ್ಲಿ ದೊಡ್ಡದೊಂದು ತಿಪ್ಪೆ. ಮಳೆನೀರು ಅದರೊಳಗಿಂದ ಕಪ್ಪಗೆ ಇಳಿದು, ಬಾವಿಯ ಕಟ್ಟೆ ಒಡೆದು ಹೋಗಿದ್ದ ಜಾಗದಲ್ಲಿ ಸಣ್ಣ ಝರಿಯಂತೆ ಒಳಗೆ ಬೀಳುತ್ತಿತ್ತು. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದವರೆಲ್ಲ ಅದನ್ನು ನೋಡಿಯೇ ಇದ್ದರು. ಕುರಿಗಾರರ ಹುಡುಗಿ ಬಗ್ಗಿ, ಕಲ್ಲು ಬಿದ್ದುಹೋದ ಜಾಗವನ್ನು ಗೇಣಿನಿಂದ ಅಳೆದಳು. ಐದು ಗೇಣು.

ಮಕ್ಕಳು ಚಿತ್ರವನ್ನು ದೊಡ್ಡ ಹಾಳೆಗೆ ಇಳಿಸಿ ಬೀಜಗಳನ್ನು ಅಂಟಿಸಿದರು. ಹೋದ ವರ್ಷದ ಬೀಜವನ್ನು ಅಂಟಿಸಬೇಕೋ ಬೇಡವೋ ಎಂದು ನಾನು ಅವಳಿಗೇ ಬಿಟ್ಟೆ. ಅಂಟಿಸಿದಳು.

ಎರಡು ದಿನಕ್ಕೆ ತಿಪ್ಪೆಯ ಯಜಮಾನರು ಶಾಲೆಗೆ ಬಂದರು. ಊರಲ್ಲಿ ಮಾತು ನಡೆಯುವ ಮನುಷ್ಯ, ಶಾಲೆಗೂ ಬೇಕಾದವರು.

“ಸಾಲಿ ಕಲಸೂದ ಬಿಟ್ಟ ನಮ್ಮ ತಿಪ್ಪಿ ತನಿಖೆ ಮಾಡಾಕತ್ತೀರಂತ? ಊರಾಗ ಕೂಸ ಸತ್ತದ್ದು ನಮ್ಮಿಂದ ಅಂತ ಹುಡುಗ್ರ ಕಡೆ ಹೇಳಸ್ತೀರೇನ್ರಿ?”

ನಾನು ಹೆದರಿದ್ದೆ. ಹೆಡ್ ಮಾಸ್ತರರು ನನ್ನನ್ನು ಬಿಟ್ಟುಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ತೋರಿಸಿ, ಹಾಳೆಯನ್ನು ಮೇಜಿನ ಮೇಲೆ ಹರಡಿದರು.

“ಹುಡುಗ್ರು ಯಾರ ಹೆಸರೂ ಬರದಿಲ್ರಿ. ನೀರು ಹರಿಯೂ ದಾರಿ ಅಷ್ಟ ಬರದಾರ. ತಪ್ಪಿದ್ರ ತೋರಸ್ರಿ, ಅಳಸ್ತೇವಿ.”

ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆರಳಿನಿಂದ ಓಣಿ ಹುಡುಕಿ ತಮ್ಮ ಮನೆಯನ್ನು ಕಂಡುಕೊಂಡರು. ಅದರ ಮೇಲೆ ಎರಡು ಬೀಜ ಇದ್ದವು.

“ಇವು ಯಾರವು?” ಎಂದರು, ದನಿ ಇಳಿದಿತ್ತು.

“ನಿಮ್ಮ ಮೊಮ್ಮಕ್ಕಳವ್ರೀ,” ಎಂದೆ ನಾನು.

ಅವರು ಕನ್ನಡಕ ತೆಗೆದು ಎದ್ದು ಹೋದರು. ತಿಪ್ಪೆ ತಕ್ಷಣ ಕದಲಲಿಲ್ಲ. ಹೆಡ್ ಮಾಸ್ತರರು ಹಾಳೆಯನ್ನು ಸುತ್ತಿಕೊಂಡು ಪಂಚಾಯಿತಿಗೆ ಮೂರು ಸಲ ಹೋದರು. ನರ್ಸಬಾಯಿ ಬಂದು ಬಾವಿಗೆ ಕ್ರಿಮಿ ಕೊಲ್ಲುವ ಪುಡಿ ಹಾಕಿ ಹೋದಳು. ದೀಪಾವಳಿ ಮುಗಿದ ಮೇಲೆ ಹಳ್ಳದ ಓಣಿಯವರೇ ಕಲ್ಲು ಹೊತ್ತು ಕಟ್ಟೆ ಕಟ್ಟಿದರು. ಗೊಬ್ಬರ ಹೊಲಕ್ಕೆ ಹೋದ ಮೇಲೆ ಹೊಸ ತಿಪ್ಪೆ ಬಾವಿಯಿಂದ ಕೆಳಗಡೆ ಬಿತ್ತು. ಮುಂದಿನ ಮಳೆಗಾಲದಲ್ಲಿ ಯಾರೂ ಜಡ್ಡು ಬೀಳಲಿಲ್ಲ ಎಂದು ಹೇಳಲಾರೆ. ಬಿದ್ದರು. ಆದರೆ ಮೊದಲಿನ ಹಾಗೆ ತರಗತಿ ಅರ್ಧ ಖಾಲಿಯಾಗಲಿಲ್ಲ.

ಹುಡುಗಿ ನಾಲ್ಕನೆಯದು ಮುಗಿಸಿ ಬೆಲ್ಲದ ಬಾಗೇವಾಡಿಯ ಶಾಲೆಗೆ ಹೋದಳು. ಹೆಡ್ ಮಾಸ್ತರರು ನಿವೃತ್ತರಾದರು. ನನಗೆ ಮೂಡಲಗಿಗೆ ವರ್ಗವಾಯಿತು. ಅಲ್ಲಿ ಮಕ್ಕಳಿಗೆ ಸಮಸ್ಯೆ ಇಟ್ಟೇ ಕಲಿಸಿದೆ, ಆದರೆ ಯಾವುದನ್ನು ಇಡುವ ಮೊದಲೂ ಒಂದು ವಾರ ಮನೆ ಮನೆ ತಿರುಗುತ್ತಿದ್ದೆ. ಕೆಲವು ವರ್ಷ ಗೋಕಾಕಕ್ಕೆ ಹೋಗಿ ಹೊಸ ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟೆ. ಬಾವಿಯ ಕಥೆಯನ್ನು ಅವರಿಗೆ ಹೇಳುತ್ತಿದ್ದೆ, ಬೀಜ ಇಡು ಎಂದ ನನ್ನ ತಪ್ಪನ್ನೂ ಮುಚ್ಚಿಡದೆ.

ಎಂಟೊಂಬತ್ತು ವರ್ಷ ಕಳೆದಿರಬೇಕು. ಮೂಡಲಗಿಯ ಬಸ್ ನಿಲ್ದಾಣದಲ್ಲಿ ಒಂದು ಮಧ್ಯಾಹ್ನ ಹೆಂಗಸೊಬ್ಬಳು ನನ್ನ ಕೈ ಹಿಡಿದು, “ಅಕ್ಕೋರ, ಗುರ್ತ ಹತ್ತಲಿಲ್ಲೇನ್ರಿ?” ಎಂದಳು. ಹುಡುಗಿಯ ತಾಯಿ. ಕೂದಲು ಬೆಳ್ಳಗಾಗಿತ್ತು. ಮಗಳನ್ನು ಮೂಡಲಗಿಯ ಹತ್ತಿರದ ಊರಿಗೇ ಕೊಟ್ಟಿದ್ದರು, ಈಗ ಅವಳಿಗೆ ಏಳು ತಿಂಗಳು. ಸೀಮಂತದ ಕುಬಸ ಮಾಡಿ ತವರಿಗೆ ಕರೆದೊಯ್ಯಲು ತಾಯಿ ಹೊರಟಿದ್ದಳು. ಚೀಲದಲ್ಲಿ ಹಸಿರು ಸೀರೆ, ಬಳೆ, ಅರಿವೆಯಲ್ಲಿ ಕಟ್ಟಿದ ಕರ್ಚಿಕಾಯಿ.

ನೆರಳಿಗೆ ಕೂತೆವು. ಒಂದೆರಡು ಮಾತಾದ ಮೇಲೆ ಅವಳು ದನಿ ತಗ್ಗಿಸಿದಳು.

“ಅವತ್ತ ನಿಮ್ಮ ಮುಂದ ನಾ ಸುಳ್ಳ ಹೇಳಿದ್ನಿರಿ, ಅಕ್ಕೋರ. ಆ ವಾರ ನಾ ನೀರಿಗಿ ಹೋಗೇ ಇರಲಿಲ್ಲ. ನನಗೂ ಜ್ವರ ಬಂದು ಹಾಸಿಗಿ ಹಿಡದಿದ್ನಿ. ಎಲ್ಲಾ ನೀರ ಅಕೀನ ತಂದದ್ದು.”

ತಾಯಿ ಹಾಸಿಗೆಯಲ್ಲಿದ್ದದ್ದು ಮಗಳಿಗೆ ಗೊತ್ತಿರದೆ ಇದ್ದೀತೇ ಎಂಬುದು ಆಗ ಹೊಳೆಯಿತು. ಒಂದೇ ಕೋಣೆಯ ಮನೆ.

“ಅಕಿಗೆ ಗೊತ್ತಿತ್ತೇನ್ರಿ?” ಎಂದೆ.

“ಗೊತ್ತಿತ್ರಿ. ಹೋದ ತಿಂಗಳ ಬಂದಾಗ ಅಕೀನ ಹೇಳಿದ್ಲು. ‘ಯವ್ವಾ, ನೀ ಅವತ್ತ ನನ್ನ ಸಲುವಾಗಿ ಸುಳ್ಳ ಹೇಳಿದಿ. ನಾ ಹೂಂ ಅನ್ನದಿದ್ರ ನಿನಗ ಇನ್ನಷ್ಟ ತ್ರಾಸ ಆಗತಿತ್ತು, ಅದಕ್ಕ ಅಂದ್ನಿ,’ ಅಂದ್ಲು. ಇಬ್ರೂ ಕುಂತ ಅತ್ತಿವ್ರೀ. ಅಂವ ಹೋದಾಗೂ ಹಂಗ ಜೋಡಿ ಕುಂತ ಅತ್ತಿರಲಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಅವಳ ಕೈಯನ್ನು ಬಿಡಲಿಲ್ಲ. ಒಂಬತ್ತು ವರ್ಷ ಅದನ್ನು ಇಬ್ಬರೂ ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗದಂತೆ ಹೊತ್ತುಕೊಂಡಿದ್ದರು. ಅಷ್ಟು ವರ್ಷ ನಾನು ಆ ಸಂಜೆಯನ್ನು, ಎಲ್ಲವೂ ಸರಿಹೋದ ಸಂಜೆ ಎಂದು ಎಷ್ಟೋ ಜನರ ಮುಂದೆ ಹೇಳಿದ್ದೆ.

“ಈಗ ಹೆಂಗದಾಳ್ರಿ?” ಎಂದು ಕೇಳಿದೆ.

“ಚಲೋ ಅದಾಳ್ರಿ. ಹೊಟ್ಟ್ಯಾಗಿನ ಕೂಸು ಬಾಳ ಒದಿತೈತಿ ಅಂತಾಳ.” ಹೇಳುತ್ತ ಅವಳ ಮುಖದಲ್ಲಿ ಸ್ವಲ್ಪ ನಗು ಬಂತು. “ನಿಮ್ಮ ಮನಿ ಎಲ್ಲಿ ಹೇಳ್ರಿ. ಬಾಣಂತನ ಮುಗಿದ ಮ್ಯಾಲ ಕೂಸಿನ್ನ ತಂದ ತೋರಸ್ತೇವಿ.”

ಅವಳ ಬಸ್ಸು ಬಂತು. ಗದ್ದಲದಲ್ಲಿ ಅವಳು ಮೊದಲು ಹತ್ತಿದಳು. ನಾನು ಚೀಲವನ್ನು, ಬಳೆ ಒಡೆಯದಂತೆ ಎರಡೂ ಕೈಯಲ್ಲಿ ಎತ್ತಿ ಕಿಟಕಿಯಿಂದ ಕೊಟ್ಟೆ.